ಹಿಮದ ಬೆಟ್ಟಕ್ಕೆ ಹೊರಟಿದ್ದೀರಾ? ಬೂಟಿಗಿಂತ ಮೊದಲು ಕನ್ನಡಕದ ಬಗ್ಗೆ ಯೋಚಿಸಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ಉತ್ತರಾಖಂಡದ ಕೇದಾರ್‌ಕಂಠಕ್ಕೆ ಹೊರಡುವ ಗುಂಪುಗಳು ಜಾಸ್ತಿ. ಬೂಟು, ಜಾಕೆಟ್, ಬ್ಯಾಗು ಇವುಗಳ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಕಣ್ಣಿನ ವಿಷಯ ಮಾತ್ರ ‘ಒಂದು ಕೂಲಿಂಗ್ ಗ್ಲಾಸ್ ಇಟ್ಕೊಂಡ್ರೆ ಆಯ್ತು’ ಅನ್ನುವಲ್ಲಿಗೆ ಮುಗಿದುಹೋಗುತ್ತದೆ. ದಿನಾ ಕನ್ನಡಕ ಹಾಕುವವರಿಗೆ ಇದು ಸಾಲದು. ಮೈನಸ್ 3 ಪವರ್ ಇರುವವರು ಪವರ್ ಇಲ್ಲದ ಕಪ್ಪು ಕನ್ನಡಕ ಹಾಕಿದರೆ ಇಳಿಜಾರಿನಲ್ಲಿ ಮುಂದಿನ ಹೆಜ್ಜೆ ಎಲ್ಲಿಡಬೇಕು ಅನ್ನುವುದು ಸರಿಯಾಗಿ ಕಾಣುವುದಿಲ್ಲ. ಅದನ್ನು ತೆಗೆದು ಮಾಮೂಲಿ ಕನ್ನಡಕ ಹಾಕಿದರೆ ಬದಿಯಿಂದ, ಕೆಳಗಿನಿಂದ ನುಗ್ಗುವ ಬೆಳಕು ಕಣ್ಣನ್ನು ಸುಡುತ್ತದೆ. ಹಾಗಾಗಿ ಪವರ್ ಬೇರೆ, ಬಿಸಿಲು ಬೇರೆ ಎಂದು ಎರಡು ಕಡೆ ಯೋಚಿಸಬೇಡಿ. ಒಂದೇ ಹೊತ್ತಿಗೆ ಎರಡೂ ಕೆಲಸ ಆಗುವಂಥ ವ್ಯವಸ್ಥೆ ಬೇಕು.

ಬೆಟ್ಟದಲ್ಲಿ ಏನಾಗುತ್ತದೆ ಅಂತ ಸ್ವಲ್ಪ ನೋಡಿ. ಪ್ರತಿ 1,000 ಮೀಟರ್ ಏರಿದಂತೆ ಅಲ್ಟ್ರಾವಯಲೆಟ್ ಕಿರಣ ಸುಮಾರು 10ರಿಂದ 12% ಹೆಚ್ಚುತ್ತದೆ. ಡೆಹ್ರಾಡೂನ್ ಇರುವುದು ಸುಮಾರು 640 ಮೀಟರ್ ಎತ್ತರದಲ್ಲಿ, ಕೇದಾರ್‌ಕಂಠದ ತುದಿ ಸುಮಾರು 3,800 ಮೀಟರ್. ಅಂದರೆ ಅದೇ ದಿನ, ಅದೇ ಸೂರ್ಯ, ಆದರೆ ಮೇಲೆ ಕಿರಣ 30%ಕ್ಕಿಂತ ಜಾಸ್ತಿ. ಇದರ ಜೊತೆಗೆ ಹಿಮ ಇದೆ. ಹುಲ್ಲು ಈ ಕಿರಣವನ್ನು ವಾಪಸ್ ಎಸೆಯುವುದು 10%ಕ್ಕಿಂತ ಕಡಿಮೆ, ಸಮುದ್ರ ತೀರದ ಒಣ ಮರಳು ಸುಮಾರು 15%. ಹೊಸದಾಗಿ ಬಿದ್ದ ಹಿಮ 80%ವರೆಗೂ ಎಸೆಯುತ್ತದೆ. ಬೆಳಕು ಕೆಳಗಿನಿಂದ ಬರುವಾಗ ಟೋಪಿ ಏನು ಮಾಡೀತು? ಮೋಡ ಇದ್ದರೂ ನೆಮ್ಮದಿ ಬೇಡ, ತೆಳು ಮೋಡದ ಮೂಲಕ ಈ ಕಿರಣದ ಹೆಚ್ಚಿನ ಪಾಲು ಇಳಿದೇ ಬರುತ್ತದೆ.

1924ರಲ್ಲಿ ಎವರೆಸ್ಟ್ ಏರುತ್ತಿದ್ದ ಬ್ರಿಟಿಷ್ ತಂಡದ ಎಡ್ವರ್ಡ್ ನಾರ್ಟನ್ 8,570 ಮೀಟರ್ ದಾಟಿದ್ದರು. ದಾರಿಯಲ್ಲಿ ಗಾಗಲ್ ತೆಗೆದಿದ್ದರು. ಮೊದಲು ಒಂದು ವಸ್ತು ಎರಡಾಗಿ ಕಾಣಿಸತೊಡಗಿತು. ಕ್ಯಾಂಪಿಗೆ ಇಳಿದ ಮೇಲೆ, ರಾತ್ರಿ, ಕಣ್ಣು ಪೂರ್ತಿ ಹೋಯಿತು. ಎರಡು ದಿನಕ್ಕೂ ಮೇಲೆ ಏನೂ ಕಾಣದೆ ಕಷ್ಟಪಟ್ಟರು.

ಎರಡು ತಿಂಗಳು ಮೊದಲೇ ಡಾಕ್ಟರ್ ಹತ್ತಿರ ಹೋಗಿ

ಕನ್ನಡಕದ ಅಂಗಡಿಯ ಕಂಪ್ಯೂಟರ್ ಟೆಸ್ಟ್ ಇದಕ್ಕೆ ಸಾಲದು. ಕಣ್ಣಿನ ಡಾಕ್ಟರಿಗೆ ಎಷ್ಟು ಎತ್ತರಕ್ಕೆ ಹೋಗುತ್ತಿದ್ದೀರಿ ಎಂದು ಹೇಳಿ. ಪವರ್ ಜಾಸ್ತಿ ಇದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಡ್ರಾಪ್ಸ್ ಹಾಕಿ ಕಣ್ಣಿನ ಹಿಂಭಾಗವನ್ನೂ ನೋಡಿಸಿ. ಚೀಟಿಯಲ್ಲಿ ಪವರ್ ಜೊತೆ ಎರಡು ಪಾಪೆಗಳ ನಡುವಿನ ಅಂತರವನ್ನೂ ಬರೆಸಿಕೊಳ್ಳಿ, ಕನ್ನಡಕ ಮಾಡಿಸುವಾಗ ಬೇಕಾಗುತ್ತದೆ.

ಹಿಂದೆ ಆಪರೇಷನ್ ಆಗಿದ್ದರೆ ಮುಚ್ಚಿಡಬೇಡಿ. ಕಣ್ಣಿನ ಹಿಂಭಾಗದ ಪದರವಾದ ರೆಟಿನಾದ ಆಪರೇಷನ್‌ನಲ್ಲಿ ಕೆಲವೊಮ್ಮೆ ಕಣ್ಣಿನೊಳಗೆ ಗ್ಯಾಸ್ ತುಂಬಿರುತ್ತಾರೆ. ಅದು ಪೂರ್ತಿ ಕರಗುವವರೆಗೆ ಬೆಟ್ಟವೂ ಬೇಡ, ವಿಮಾನವೂ ಬೇಡ. ಎತ್ತರದಲ್ಲಿ ಆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರಿದರೆ ದೃಷ್ಟಿಯೇ ಹೋಗಬಹುದು. ಹಳೆಯ ಕಾಲದ ಆರ್‌ಕೆ ಆಪರೇಷನ್, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಮೇಲೆ ಪವರ್ ಇಳಿಸಲು ಚಕ್ರದ ಕಡ್ಡಿಗಳಂತೆ ಗೆರೆ ಕೊಯ್ಯುತ್ತಿದ್ದರಲ್ಲ, ಅದು ಆದವರು ಇನ್ನೂ ಹುಷಾರಾಗಿರಬೇಕು. ಆಕ್ಸಿಜನ್ ಕಡಿಮೆಯಾದಾಗ ಆ ಕಾರ್ನಿಯಾ ಊದಿಕೊಂಡು ಆಕಾರ ಬದಲಾಗುತ್ತದೆ, ಪವರ್ ತಪ್ಪುತ್ತದೆ. 1996ರ ಮೇ ತಿಂಗಳಲ್ಲಿ ಎವರೆಸ್ಟ್ ಮೇಲೆ ಅಮೆರಿಕದ ಬೆಕ್ ವೆದರ್ಸ್ ಅವರಿಗೆ ಆಗಿದ್ದು ಇದೇ. ಕಣ್ಣು ಮಂಜಾಗಿ ದಾರಿಯಲ್ಲೇ ಕಾಯುತ್ತ ಕೂತರು. ಸಂಜೆ ಬಿರುಗಾಳಿ ಬಂತು. ಜೀವ ಉಳಿಯಿತು, ಆದರೆ ಹಿಮ ಕಚ್ಚಿ ಬಲಗೈ ಕಳೆದುಕೊಂಡರು. ಈಗಿನ ಲೇಸಿಕ್ ಅಷ್ಟು ಅಪಾಯದ್ದಲ್ಲ, ಹೆಚ್ಚಿನವರು ಅದರ ನಂತರ ಆರಾಮಾಗಿ ಬೆಟ್ಟ ಹತ್ತುತ್ತಾರೆ. ಆದರೆ ಟ್ರೆಕ್ ಇದೆ ಅಂತ ಅವಸರದಲ್ಲಿ ಹಿಂದಿನ ತಿಂಗಳು ಮಾಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಕಣ್ಣು ಒಣಗುವ ತೊಂದರೆ ಕೆಲವು ತಿಂಗಳು ಇರುತ್ತದೆ, ಮೇಲಿನ ಒಣ ಗಾಳಿ ಅದನ್ನು ಇನ್ನೂ ಹೆಚ್ಚು ಮಾಡುತ್ತದೆ.

ಪವರ್‌ಗೆ ಯಾವ ದಾರಿ?

ನನ್ನ ಮೊದಲ ಆಯ್ಕೆ ಪವರ್ ಹಾಕಿಸಿದ ಕಪ್ಪು ಕನ್ನಡಕ. ಬದಿ ಮುಚ್ಚುವ ಫ್ರೇಮ್ ತಗೊಂಡು ಅದಕ್ಕೆ ನಿಮ್ಮ ಪವರ್‌ನ ಪಾಲಿಕಾರ್ಬೊನೇಟ್ ಗ್ಲಾಸ್ ಕೂರಿಸಿ. ಹಗುರ, ಸುಲಭಕ್ಕೆ ಒಡೆಯುವುದಿಲ್ಲ, ಅಲ್ಟ್ರಾವಯಲೆಟ್ ಕಿರಣವನ್ನು ತಾನೇ ತಡೆಯುತ್ತದೆ. ಒಂದೇ ತೊಡಕು, ಮೈನಸ್ 4 ಅಥವಾ 5 ದಾಟಿದರೆ ತುಂಬ ಬಾಗಿದ ಫ್ರೇಮಿಗೆ ಗ್ಲಾಸ್ ಕೂರಿಸುವುದು ಕಷ್ಟ. ಕೂರಿಸಿದರೂ ಅಂಚಿನಲ್ಲಿ ನೆಲ ಓರೆಯಾಗಿ ಕಾಣಬಹುದು. ಅಂಥವರು ಒಳಗೆ ಪವರ್ ಗ್ಲಾಸ್ ಸಿಕ್ಕಿಸುವ ಜಾಗ ಇರುವ ಫ್ರೇಮ್ ಹುಡುಕಿ, ಇಲ್ಲವೇ ಕಾಂಟ್ಯಾಕ್ಟ್ ಲೆನ್ಸ್‌ಗೆ ಹೋಗಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಯಾವ ಗಾಗಲ್ ಬೇಕಾದರೂ ಹಾಕಬಹುದು, ಮಂಜು ಹಿಡಿಯುವುದೂ ಕಡಿಮೆ. ಆದರೆ ಟೆಂಟಿನಲ್ಲಿ ಅದನ್ನು ಹಾಕಿಕೊಳ್ಳುವುದು ಹೇಗಿರುತ್ತದೆ ಅಂತ ಗೊತ್ತಿರಲಿ. ಬೆಳಗಿನ ಜಾವ, ತಲೆಗೆ ಟಾರ್ಚ್, ಬೆರಳು ಸೆಟೆದಿರುತ್ತವೆ, ಕೈಯಲ್ಲಿ ಸೀಮೆಎಣ್ಣೆಯದೋ ಸನ್‌ಸ್ಕ್ರೀನ್‌ನದೋ ಅಂಟು ಇರುತ್ತದೆ. ಸ್ಯಾನಿಟೈಸರ್ ಹಚ್ಚಿ ಪೂರ್ತಿ ಆರುವ ಮೊದಲೇ ಲೆನ್ಸ್ ಮುಟ್ಟಿದರೆ ಕಣ್ಣು ಉರಿದುಹೋಗುತ್ತದೆ. ಕೈ ತೊಳೆಯಲು ಕುದಿಸಿ ಆರಿಸಿದ ನೀರು, ಸೋಪು, ಶುದ್ಧ ಟಿಶ್ಯೂ ಬೇಕೇ ಬೇಕು. ತೊಳೆದ ಕೈಯನ್ನು ಒರೆಸಿ ಒಣಗಿಸಿದ ಮೇಲೆಯೇ ಲೆನ್ಸ್ ಮುಟ್ಟಿ. ಹೊಳೆಯ ನೀರಾಗಲಿ, ಬಾಟಲಿ ನೀರಾಗಲಿ, ಲೆನ್ಸಿಗೆ ತಾಗಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಾರ್ನಿಯಾಕ್ಕೆ ಹತ್ತಿಕೊಂಡರೆ ವಾಸಿಯಾಗುವುದು ತುಂಬ ಕಷ್ಟ. ಹಾಗಾಗಿ ಒಂದು ದಿನ ಹಾಕಿ ಎಸೆಯುವಂಥವನ್ನೇ ತಗೊಳ್ಳಿ, ಅದರಲ್ಲೂ ಆಕ್ಸಿಜನ್ ಚೆನ್ನಾಗಿ ಬಿಡುವ ಸಿಲಿಕೋನ್ ಹೈಡ್ರೋಜೆಲ್. ಖಾಲಿ ಪ್ಯಾಕೆಟ್ಟು, ಹಳೆ ಲೆನ್ಸು ಎರಡನ್ನೂ ಕೆಳಗೆ ತನ್ನಿ. ಲೆನ್ಸ್ ಹಾಕಿಕೊಂಡು ಮಲಗುವುದು ಬೇಡ, ಎಷ್ಟೇ ಸುಸ್ತಾಗಿದ್ದರೂ. ಕಣ್ಣಿನಲ್ಲಿರುವ ಲೆನ್ಸ್ ಹೆಪ್ಪುಗಟ್ಟುವುದಿಲ್ಲ, ಡಬ್ಬಿಯಲ್ಲಿರುವುದು ಹೆಪ್ಪುಗಟ್ಟುತ್ತದೆ. ಹಗಲು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳಿ. ಈವರೆಗೆ ಲೆನ್ಸ್ ಹಾಕಿಯೇ ಇಲ್ಲದವರು ಬೆಟ್ಟದಲ್ಲಿ ಶುರು ಮಾಡಬೇಡಿ. ಮನೆಯಲ್ಲಿ ಕೆಲವು ವಾರ ಅಭ್ಯಾಸ ಆಗಲಿ, ಒಮ್ಮೆ ಕುಮಾರಪರ್ವತಕ್ಕೋ ಮುಳ್ಳಯ್ಯನಗಿರಿಗೋ ಹಾಕಿಕೊಂಡು ಹೋಗಿ ಬನ್ನಿ.

ಕಿರಣ ತಡೆಯುವ ಕಾಂಟ್ಯಾಕ್ಟ್ ಲೆನ್ಸ್ ಸಿಗುತ್ತದೆ, ನಿಜ. ಅದು ತಾನು ಮುಚ್ಚಿದಷ್ಟು ಜಾಗವನ್ನು ಮಾತ್ರ ಕಾಯುತ್ತದೆ. ಮೇಲೆ ಕಪ್ಪು ಕನ್ನಡಕ ಇರಲೇಬೇಕು.

ಮಾಮೂಲಿ ಕನ್ನಡಕದ ಮೇಲೆ ಹಾಕುವ ದೊಡ್ಡ ಗಾಗಲ್ ಕಡಿಮೆ ಖರ್ಚಿನ ದಾರಿ. ಗಾಳಿ, ಹಿಮ ಬೀಳುವಾಗ ಒಳ್ಳೆಯದು, ಆದರೆ ಬೆವರುವ ಏರಿನಲ್ಲಿ ಒಳಗಿನ ಕನ್ನಡಕಕ್ಕೆ ಮಂಜು ಹಿಡಿಯುತ್ತದೆ. ಮ್ಯಾಗ್ನೆಟ್‌ನಿಂದ ಅಂಟಿಸುವ ಕಪ್ಪು ಗ್ಲಾಸ್ ಊರಿಗೆ ಸಾಕು. ಬದಿ ತೆರೆದೇ ಇರುವುದರಿಂದ ಹಿಮಕ್ಕೆ ಬೇಡ.

ನಲವತ್ತು ದಾಟಿದವರು ಓದುವ ಕನ್ನಡಕ ಮರೆಯಬೇಡಿ. ಔಷಧಿ ಚೀಟಿ, ಮ್ಯಾಪು, ಹಗ್ಗದ ಗಂಟು ಎಲ್ಲ ಹತ್ತಿರದಲ್ಲೇ ನೋಡಬೇಕಾದವು ಅಲ್ವಾ.

ಕಪ್ಪು ಎಷ್ಟಿರಬೇಕು?

ಕಪ್ಪಿದ್ದರೆ ಕಾಯುತ್ತದೆ ಅನ್ನುವುದು ತಪ್ಪು ಲೆಕ್ಕ. ಕಿರಣ ತಡೆಯದ ಕಪ್ಪು ಗ್ಲಾಸ್ ಹಾಕಿದರೆ ಕತ್ತಲೆಗೆ ಪಾಪೆ ಅಗಲವಾಗಿ ಇನ್ನೂ ಜಾಸ್ತಿ ಕಿರಣ ಒಳಗೆ ಹೋಗುತ್ತದೆ. ಯುವಿ 400 ಎಂದು ಬರೆದಿರಲಿ, ಅಲ್ಟ್ರಾವಯಲೆಟ್ ಕಿರಣ ತಡೆಯುತ್ತದೆ ಎಂಬ ಗುರುತು ಅದು. ಕೆಲವು ಕನ್ನಡಕದ ಅಂಗಡಿಗಳಲ್ಲಿ ಅಳೆಯುವ ಮೀಟರ್ ಇರುತ್ತದೆ, ಹಾಕಿ ತೋರಿಸಿ ಅಂತ ಕೇಳಿ.

ಫ್ರೇಮಿನ ಕಡ್ಡಿಯ ಒಳಬದಿಯಲ್ಲಿ 0ಯಿಂದ 4ರವರೆಗೆ ಒಂದು ಕೆಟಗರಿ ನಂಬರ್ ಇರುತ್ತದೆ. 3 ಅಂದರೆ ಬೆಳಕಿನ 8ರಿಂದ 18% ಒಳಗೆ ಬಿಡುತ್ತದೆ, 4 ಬಿಡುವುದು 3ರಿಂದ 8% ಮಾತ್ರ. ಕೇದಾರ್‌ಕಂಠದಂಥ ಚಳಿಗಾಲದ ಟ್ರೆಕ್‌ಗೆ ಬದಿ ಮುಚ್ಚಿದ 3 ಸಾಕು. ಮನಾಲಿ ಹತ್ತಿರದ 5,289 ಮೀಟರಿನ ಫ್ರೆಂಡ್‌ಶಿಪ್ ಪೀಕ್‌ನಂಥ ಕಡೆ, ಹಿಮನದಿಯ ಮೇಲೆ, 4 ತಗೊಳ್ಳಿ. 4 ಹಾಕಿಕೊಂಡು ಗಾಡಿ ಓಡಿಸಬಾರದು. ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಗ್ಲಾಸ್ ಅನುಕೂಲವೇ, ಆದರೆ ಚಳಿಯಲ್ಲಿ ತಿಳಿಯಾಗಲು ಹೊತ್ತು ಹಿಡಿಯುತ್ತದೆ. ಪೋಲರೈಸ್ಡ್ ಗ್ಲಾಸ್ ಪ್ರತಿಫಲನ ಕಡಿಮೆ ಮಾಡುತ್ತದೆ. ಹೊಳೆಯುವ ಮಂಜುಗಡ್ಡೆಯ ತೇಪೆ ಕೂಡ ಅದರಿಂದ ಗೊತ್ತಾಗದೆ ಹೋಗಬಹುದು, ಹಾಗಾಗಿ ನಾನು ಅದರ ಹಿಂದೆ ಬೀಳುವುದಿಲ್ಲ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಕನ್ನಡಕ ಹಾಕಿ, ದೀಪಕ್ಕೆ ಬೆನ್ನು ಮಾಡಿ ನಿಂತು ತಲೆಯನ್ನು ನಿಧಾನವಾಗಿ ಆಚೀಚೆ, ಮೇಲೆ ಕೆಳಗೆ ತಿರುಗಿಸಿ. ಕೆನ್ನೆಯ ಹತ್ತಿರದಿಂದಲೋ ಹುಬ್ಬಿನ ಮೇಲಿಂದಲೋ ಬೆಳಕು ಒಳಬದಿಗೆ ಬಿದ್ದು ಮಿನುಗಿದರೆ ಅಷ್ಟು ಜಾಗ ತೆರೆದಿದೆ ಎಂದರ್ಥ. ಹೆಲ್ಮೆಟ್ ಹಾಕುವ ಬೆಟ್ಟವಾದರೆ ಅದನ್ನೂ ಹಾಕಿ ನೋಡಿ.

ಬ್ಯಾಗಿನಲ್ಲಿ ಏನಿರಬೇಕು

ಎರಡನೇ ಜೊತೆ. ಅದಕ್ಕೂ ಪವರ್ ಇರಲಿ. ಕಾಂಟ್ಯಾಕ್ಟ್ ಲೆನ್ಸ್‌ನವರು ಮಾಮೂಲಿ ಕನ್ನಡಕವನ್ನೂ ಒಯ್ಯಿರಿ, ಕಣ್ಣು ಕೆಂಪಾದರೆ ಲೆನ್ಸ್ ತೆಗೆದೇ ಇಡಬೇಕಾಗುತ್ತದೆ. ಗಟ್ಟಿ ಡಬ್ಬಿ, ಕುತ್ತಿಗೆಗೆ ಹಾಕುವ ದಾರ, ಕಣ್ಣು ಒದ್ದೆ ಮಾಡುವ ಡ್ರಾಪ್ಸ್ ಜೊತೆಗಿರಲಿ. ಕುತ್ತಿಗೆಗೆ ಹಾಕುವ ಕೊಳವೆಯಂಥ ಬಟ್ಟೆಯಾದ ಬಫ್ ಅನ್ನು ಮೂಗಿನ ಮೇಲೆ ಎಳೆದರೆ ಉಸಿರು ನೇರ ಕನ್ನಡಕಕ್ಕೆ ಹೋಗುತ್ತದೆ, ಅದನ್ನು ಮೂಗಿನ ಕೆಳಗೆ ಇಳಿಸಿ. ಗಾಗಲ್‌ನ ಒಳಬದಿಯನ್ನು ಗ್ಲೌಸ್‌ನಿಂದ ಉಜ್ಜಬೇಡಿ, ಮಂಜು ತಡೆಯುವ ಲೇಪ ಕಿತ್ತುಹೋಗುತ್ತದೆ.

ಸಾಮಾನು ಹೊರುವವರ ಕಣ್ಣಿಗೂ ಕನ್ನಡಕ ಇದೆಯೇ ಅಂತ ಹೊರಡುವ ಮೊದಲೇ ಕೇಳಿ. ಇಲ್ಲದಿದ್ದರೆ ಕೊಡಿಸಿ. ಯಾರದ್ದಾದರೂ ಕಳೆದುಹೋದರೆ ರಟ್ಟಿನಲ್ಲಿ ಕಣ್ಣಿನ ನೇರಕ್ಕೆ ತೆಳು ಸೀಳು ಕೊಯ್ದು ಕಟ್ಟಿಕೊಳ್ಳಬಹುದು. ಆರ್ಕ್ಟಿಕ್‌ನ ಇನ್ಯುಯಿಟ್ ಜನ ಮರ, ಮೂಳೆಯಲ್ಲಿ ಹೀಗೆಯೇ ಮಾಡಿ ಬಳಸುತ್ತಿದ್ದರು.

ಆದರೂ ಕಣ್ಣು ಸುಟ್ಟರೆ

ಸ್ನೋ ಬ್ಲೈಂಡ್‌ನೆಸ್ ಅಂದರೆ ಕಾರ್ನಿಯಾದ ಮೇಲ್ಪದರ ಸುಡುವುದು. ಹಿಮದ ಮೇಲೆ ಇರುವಾಗ ಏನೂ ಗೊತ್ತಾಗದಿರಬಹುದು. ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ, ಊಟ ಮಾಡಿ ಮಲಗುವ ಹೊತ್ತಿಗೆ, ಮರಳು ಸುರಿದಂತೆ ಕಣ್ಣು ಚುಚ್ಚತೊಡಗುತ್ತದೆ, ನೀರು ಸುರಿಯುತ್ತದೆ, ಟಾರ್ಚ್ ಬೆಳಕೂ ತಡೆಯಲಾಗುವುದಿಲ್ಲ. ಲೆನ್ಸ್ ಇದ್ದರೆ ತೆಗೆಯಿರಿ. ಉಜ್ಜಬೇಡಿ. ಕತ್ತಲಲ್ಲಿ ಮಲಗಿಸಿ, ತಣ್ಣನೆ ಒದ್ದೆ ಬಟ್ಟೆ ಇಡಿ, ನೋವಿನ ಮಾತ್ರೆ ಕೊಡಿ. ಮರಗಟ್ಟಿಸುವ ಡ್ರಾಪ್ಸ್ ಯಾರಾದರೂ ಕೊಟ್ಟರೆ ಪದೇ ಪದೇ ಹಾಕಬೇಡಿ, ಗಾಯ ಮಾಯುವುದಿಲ್ಲ. ಹೆಚ್ಚಿನವರಿಗೆ ಒಂದರಿಂದ ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಅವರನ್ನು ಒಬ್ಬರೇ ನಡೆಯಲು ಬಿಡಬೇಡಿ.

ನೋವೇ ಇಲ್ಲದೆ ದೃಷ್ಟಿ ಮಂಜಾದರೆ, ನೋಡಿದಲ್ಲೆಲ್ಲ ಕಪ್ಪು ಕಲೆ ಕಂಡರೆ ಅದು ಬೇರೆ ವಿಷಯ. ಎತ್ತರದಿಂದಾಗಿ ರೆಟಿನಾದಲ್ಲಿ ರಕ್ತ ಒಸರಿರಬಹುದು. ಕಾಯಬೇಡಿ, ಅದೇ ದಿನ ಕೆಳಗಿಳಿಯಿರಿ. ಇಳಿದ ಮೇಲೆ ರೆಟಿನಾ ನೋಡುವ ಡಾಕ್ಟರ್ ಹತ್ತಿರ ಹೋಗಿ.