ಪಾರ್ಕಿನಲ್ಲಿ ಜಾಗ ಸಿಗದಿದ್ದರೆ ಪಕ್ಕದ ಕಾಡಿದೆ: ಪೆನ್ಸಿಲ್ವೇನಿಯಾದಲ್ಲಿ ನನ್ನ ಅನುಭವ

ಬೇಸಿಗೆಯ ಶನಿವಾರಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಳ್ಳೆಯ ಸ್ಟೇಟ್ ಪಾರ್ಕಿನಲ್ಲಿ ಟೆಂಟಿನ ಜಾಗ ಹಿಡಿಯುವುದು ತತ್ಕಾಲ್ ಟಿಕೆಟ್ ಹಿಡಿದ ಹಾಗೆ. 11 ತಿಂಗಳು ಮೊದಲೇ ಬುಕಿಂಗ್ ತೆರೆಯುತ್ತದೆ. ನಾವು ಕಾಫಿ ಕುಡಿದು ಲಾಗಿನ್ ಆಗುವಷ್ಟರಲ್ಲಿ ಹಳ್ಳದ ಪಕ್ಕದ ಸೈಟೆಲ್ಲ ಬುಕ್ ಆಗಿಹೋಗಿರುತ್ತವೆ. ಉಳಿದಿರುವುದು ಟಾಯ್ಲೆಟ್ ಪಕ್ಕದ್ದು, ಇಲ್ಲವೇ ರಸ್ತೆಗೆ ಅಂಟಿಕೊಂಡಿದ್ದು. ಈ ಗೋಳು ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ಈಗ ನಾನು ಪಾರ್ಕಿನಲ್ಲಿ ಸೈಟ್ ಬುಕ್ ಮಾಡುವುದನ್ನೇ ಬಿಟ್ಟಿದ್ದೇನೆ. ಹಗಲು ಪಾರ್ಕಿನಲ್ಲಿ, ರಾತ್ರಿ ಪಕ್ಕದ ಸ್ಟೇಟ್ ಫಾರೆಸ್ಟಿನಲ್ಲಿ, ಅಂದರೆ ರಾಜ್ಯ ಸರ್ಕಾರದ ಕಾಡಿನಲ್ಲಿ. ಇಲ್ಲಿನ ಸ್ಟೇಟ್ ಪಾರ್ಕುಗಳಿಗೆ ಪ್ರವೇಶ ಶುಲ್ಕವೇ ಇಲ್ಲ, ಪಾರ್ಕಿಂಗಿಗೂ ಇಲ್ಲ. ಪಾರ್ಕುಗಳು 120ಕ್ಕೂ ಹೆಚ್ಚಿವೆ, ಆದರೆ ಒಳಗೆ ಅವರು ಗೊತ್ತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಮಲಗುವಂತಿಲ್ಲ. ಸ್ಟೇಟ್ ಫಾರೆಸ್ಟ್ ಸುಮಾರು 22 ಲಕ್ಷ ಎಕರೆ. ಅಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ನಡೆದು ಹೋಗಿ ಒಂದು ಜಾಗದಲ್ಲಿ ಒಂದು ರಾತ್ರಿ ಮಲಗುವುದಕ್ಕೆ ಪರ್ಮಿಟ್ಟೂ ಬೇಡ, ದುಡ್ಡೂ ಬೇಡ. ಒಂದೇ ಕಡೆ ಎರಡನೇ ರಾತ್ರಿ ಇರಬೇಕಾದರೆ ಮಾತ್ರ ಪರ್ಮಿಟ್ ಬೇಕು. ತುರ್ತು ಬಂದರೆ ನಮ್ಮ ವಿವರ ಆಫೀಸಿನಲ್ಲಿರಲಿ ಅನ್ನುವವರೂ ಅದನ್ನು ತೆಗೆದುಕೊಳ್ಳಬಹುದು. ಮೊದಮೊದಲು ಮನೆಯವಳ ಸಮಾಧಾನಕ್ಕೆ ನಾನು ತಗೋತಿದ್ದೆ.

ಇದನ್ನು ಹೇಳಿದಾಗ ನಮ್ಮ ಗೆಳೆಯರ ಗುಂಪಿನಲ್ಲಿ ಒಬ್ಬನೂ ನಂಬಲಿಲ್ಲ. "ಏನಪ್ಪಾ, ಬಿಟ್ಟಿ ಅಂತ ಕಾಡಲ್ಲಿ ಮಲಗೋಕೆ ಅಮೆರಿಕಕ್ಕೆ ಬರಬೇಕಿತ್ತಾ?" ಅಂದ ಒಬ್ಬ. ಭಾವನವರಂತೂ ಕರಡಿ ವಿಡಿಯೊಗಳನ್ನೇ ಕಳಿಸುತ್ತಿದ್ದರು. ಈಗ ಅದೇ ಗುಂಪಿನಲ್ಲಿ ಶುಕ್ರವಾರ ಮಧ್ಯಾಹ್ನ ಆದರೆ ಸಾಕು, "ನಿನ್ನ ಮ್ಯಾಪ್ ಫೋಟೋ ಹಾಕು ಮಾರಾಯಾ" ಅಂತ ಮೆಸೇಜು ಬರುತ್ತದೆ.

ಇದಕ್ಕೆ ಮೊದಲು ಕಳೆದುಕೊಂಡ ದುಡ್ಡು ಕಡಿಮೆಯೇನಲ್ಲ. ಯಾರಾದರೂ ಸೈಟ್ ಕ್ಯಾನ್ಸಲ್ ಮಾಡಿದರೆ ತಿಳಿಸುವ ಆ್ಯಪ್ ಒಂದಕ್ಕೆ ಇಡೀ ಸೀಸನ್ ದುಡ್ಡು ಕಟ್ಟಿದೆ. ಅದು ತಿಳಿಸಿದ್ದೆಲ್ಲ ಭಾನುವಾರ ರಾತ್ರಿಯ ಜಾಗಗಳು. ಸೋಮವಾರ ಆಫೀಸು ಇರುವವರಿಗೆ ಅದರಿಂದ ಏನು ಉಪಯೋಗ? ಆಮೇಲೆ ಖಾಸಗಿ ಕ್ಯಾಂಪ್‌ಗ್ರೌಂಡು. ರಾತ್ರಿಗೆ 60-70 ಡಾಲರ್, ಮೇಲೆ ಸೌದೆಗೆ ಬೇರೆ. ಎರಡೂ ಕಡೆ ಬಸ್ಸಿನಷ್ಟು ದೊಡ್ಡ ವಾಹನ, ಮಧ್ಯೆ ನಮ್ಮ ಟೆಂಟು, ರಾತ್ರಿ ಹನ್ನೊಂದರವರೆಗೆ ಜನರೇಟರ್ ಸದ್ದು. ವಾರಾಂತ್ಯಕ್ಕೆ ಎಲ್ಲ ಸೇರಿ 200 ಡಾಲರ್ ಹತ್ತಿರ ಹೋಗುತ್ತಿತ್ತು. ಈಗ ಪೆಟ್ರೋಲಿಗೆ ಒಂದು 50-60, ಊಟ ಮನೆಯದೇ. ಸೆಕೆಂಡ್ ಹ್ಯಾಂಡ್ ಟೆಂಟಿಗೆ 60, ನೀರಿನ ಫಿಲ್ಟರಿಗೆ 30ರ ಆಸುಪಾಸು, ಕರಡಿ ಬಾಯಿ ಹಾಕದ ಊಟದ ಡಬ್ಬಕ್ಕೆ 80 ಕೊಟ್ಟ ನೆನಪು. ಎರಡು ಮೂರು ವಾರಾಂತ್ಯದಲ್ಲಿ ಅದೆಲ್ಲ ವಸೂಲಿ.

ಪಾರ್ಕಿಗೆ ಪಕ್ಕದ ಕಾಡಿನ ಜೋಡಿ ಹುಡುಕುವುದೇ ಮುಖ್ಯ ಕೆಲಸ. ಪೈನ್ ಕ್ರೀಕ್ ಕಣಿವೆ ನೋಡಲು ಲೆನಾರ್ಡ್ ಹ್ಯಾರಿಸನ್ ಮತ್ತು ಕೋಲ್ಟನ್ ಪಾಯಿಂಟ್ ಪಾರ್ಕುಗಳಿವೆ, ಮಲಗಲು ಟಯೋಗಾ ಸ್ಟೇಟ್ ಫಾರೆಸ್ಟ್. ಸುಮಾರು 30 ಮೈಲಿಯ ವೆಸ್ಟ್ ರಿಮ್ ಟ್ರೇಲ್ ಅಲ್ಲೇ ಹೋಗುತ್ತದೆ. ವರ್ಲ್ಡ್ಸ್ ಎಂಡ್ ಪಾರ್ಕಿಗೆ ಲಾಯಲ್‌ಸಾಕ್ ಕಾಡು. ಚೆರ್ರಿ ಸ್ಪ್ರಿಂಗ್ಸಿಗೆ ಸಸ್ಕೆಹಾನಕ್ ಕಾಡು. ಪಾರ್ಕು ಬರೀ 82 ಎಕರೆ, ಸುತ್ತಲಿನ ಕಾಡು ಎರಡೂವರೆ ಲಕ್ಷ ಎಕರೆಗೂ ಜಾಸ್ತಿ. ಜನ ಆ 82 ಎಕರೆಗೇ ಯಾಕೆ ಮುಗಿಬೀಳುತ್ತಾರೋ!

ಮ್ಯಾಪ್ ಮಾತ್ರ ಕಾಗದದ್ದೇ ಇರಲಿ. ಅರಣ್ಯ ಜಿಲ್ಲೆಯ ಆಫೀಸಿನಲ್ಲಿ ಸುಮ್ನೆ ಕೇಳಿದರೆ ಕೊಡುತ್ತಾರೆ, ದುಡ್ಡಿಲ್ಲ. ಚೆರ್ರಿ ಸ್ಪ್ರಿಂಗ್ಸ್ ಇರುವ ಪಾಟರ್ ಕೌಂಟಿಯಲ್ಲಿ ಮೈಲಿಗಟ್ಟಲೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಕಾಡಿನೊಳಗೆ ಲೀಸಿಗೆ ಕೊಟ್ಟ ಖಾಸಗಿ ಕ್ಯಾಬಿನ್ನುಗಳಿರುತ್ತವೆ, ಅವುಗಳ ಅಂಗಳಕ್ಕೆ ಹೋಗಿ ಟೆಂಟ್ ಹೊಡೆಯಬೇಡಿ.

ಜಾಗ ಆರಿಸುವುದರಲ್ಲೇ ನನ್ನ ಕೈಚಳಕ ಇರುವುದು. ಈ ಬೆಟ್ಟಗಳನ್ನೆಲ್ಲ ನೂರು ವರ್ಷದ ಹಿಂದೆ ಬೋಳು ಮಾಡಿದ್ದರು. ಹೆಮ್ಲಾಕ್ ಮರದ ತೊಗಟೆ ಚರ್ಮ ಹದ ಮಾಡಲು, ಬಿಳಿ ಪೈನ್ ಹಲಗೆಗೆ. ಮರ ಸಾಗಿಸಲು ಹಳ್ಳ ಹಳ್ಳಕ್ಕೂ ಪುಟ್ಟ ರೈಲು ಹಾಕಿದರು. ಉಳಿದ ಬೋಳು ನೆಲವನ್ನು ಸರ್ಕಾರ 1898ರಿಂದ ಕೊಳ್ಳುತ್ತಾ ಬಂತು, ಅದೇ ಇಂದಿನ ಸ್ಟೇಟ್ ಫಾರೆಸ್ಟ್. ಹಳಿ ಕಿತ್ತರು, ಆದರೆ ಹಳಿಗೆ ಕಡಿದ ಸಮತಟ್ಟು ದಾರಿ ಇನ್ನೂ ಇದೆ. ಮ್ಯಾಪಿನಲ್ಲಿ ಎತ್ತರದ ಗೆರೆಗಳ ಜೊತೆ ಜೊತೆಗೇ ಸಾಗುವ ಹಳೇ ದಾರಿ ಕಂಡರೆ ಅದೇ. ಅದು ಹಳ್ಳದ ಹತ್ತಿರ ತಿರುಗುವ ಕಡೆ ಟೆಂಟಿಗೆ ಬೇಕಾದಷ್ಟು ಚಪ್ಪಟೆ ನೆಲ ಸಿಗುತ್ತದೆ. ನೀರಿನಿಂದ 100 ಅಡಿ ದೂರ ಇರಬೇಕು, ಅದು ನಿಯಮ. ಸ್ಲೇಟ್ ರನ್ ಕಡೆ ನನಗೆ ಸಿಕ್ಕ ಅಂಥ ಒಂದು ತಿರುವು ಎಲ್ಲಿದೆ ಅಂತ ಮಾತ್ರ ಕೇಳಬೇಡಿ.

ಟೆಂಟ್ ಬಿಚ್ಚುವ ಮೊದಲು ತಲೆ ಎತ್ತಿ ನೋಡಿ. ಆ್ಯಶ್ ಮರಗಳನ್ನು ಹಸಿರು ಬಣ್ಣದ ಕೊರಕ ಹುಳ ಕೊಂದು ಹಾಕಿದೆ. ತೊಗಟೆ ಉದುರಿ, ಒಣಗಿದ ಕೊಂಬೆ ಗಾಳಿಗೆ ಬೀಳಲು ಕಾಯುತ್ತಿರುತ್ತದೆ. ಸೌದೆಯೊಳಗೆ ಅಡಗಿ ಬರುವ ಇಂಥ ಹುಳಗಳ ಕಾರಣಕ್ಕೇ ಮನೆಯಿಂದ ಸೌದೆ ತರಬೇಡಿ ಅನ್ನುವುದು. ಭಾವ ಕೊನೆಗೂ ಜೊತೆಗೆ ಬಂದ ರಾತ್ರಿ ನಾವು ಮೊದಲು ಆರಿಸಿದ್ದ ಜಾಗವನ್ನು ಇದೇ ಕಾರಣಕ್ಕೆ ಬಿಟ್ಟೆವು. ಬೆಳಗ್ಗೆ ಅಲ್ಲಿ ತೋಳು ದಪ್ಪದ ಕೊಂಬೆ ನೆಲಕ್ಕೆ ಚುಚ್ಚಿಕೊಂಡು ನಿಂತಿತ್ತು. ಅವತ್ತಿನಿಂದ ಕರಡಿ ವಿಡಿಯೊ ನಿಂತಿದೆ.

ನೀರಿನ ಬಗ್ಗೆ ಒಂದು ಮಾತು. ಸ್ಪ್ರೌಲ್ ಕಾಡಿನ ಕಡೆ ಕೆಲವು ಹಳ್ಳಗಳ ಕಲ್ಲು ಕಿತ್ತಳೆ ಬಣ್ಣಕ್ಕಿರುತ್ತದೆ. ಹಳೇ ಕಲ್ಲಿದ್ದಲು ಗಣಿಯಿಂದ ಇಳಿದ ಕಬ್ಬಿಣದ ನೀರು ಅದು. ನಮ್ಮ ಫಿಲ್ಟರ್ ಕ್ರಿಮಿ ತೆಗೆಯುತ್ತದೆ, ಕರಗಿದ ಲೋಹ ತೆಗೆಯುವುದಿಲ್ಲ. ಆ ಕಡೆ ಹೋದರೆ ನೀರು ಹೊತ್ತುಕೊಂಡೇ ಹೋಗಿ. ಉಣುಗಿನಿಂದ ತಪ್ಪಿಸಿಕೊಳ್ಳಲು ಪರ್ಮೆಥ್ರಿನ್ ಅನ್ನುವ ಕೀಟನಾಶಕ ಹೊಡೆದ ಪ್ಯಾಂಟು, ಕಾಲುಚೀಲ. ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆ ಇಲ್ಲಿ ತಮಾಷೆಯಲ್ಲ. ನನ್ನನ್ನು ಕೇಳಿದರೆ ಕರಡಿಗಿಂತ ಉಣುಗಿಗೇ ಹೆದರಬೇಕು.

ಊಟದಲ್ಲಿ ಒಂದಷ್ಟು ಪ್ರಯೋಗ ಮಾಡಿದೆ. ಡೀಹೈಡ್ರೇಟರಿನಲ್ಲಿ ಬಿಸಿಬೇಳೆ ಬಾತ್ ಒಣಗಿಸಿದೆ, ರಾತ್ರಿಯಿಡೀ ಮೆಷಿನ್ ಓಡಿತು. ಕಾಡಿನಲ್ಲಿ ಬಿಸಿನೀರು ಹಾಕಿ ಇಪ್ಪತ್ತು ನಿಮಿಷ ಮುಚ್ಚಿಟ್ಟರೆ ಅನ್ನ ಬೆಂದಿತ್ತು, ಬೇಳೆ ಮಾತ್ರ ಹಲ್ಲಿಗೆ ಕಲ್ಲು. ಮುಂದಿನ ಸಲ ಬೇಳೆಯನ್ನು ಪೂರ್ತಿ ಮಸೆದು, ಎಣ್ಣೆ ತುಪ್ಪ ಏನೂ ಹಾಕದೆ, ಬೆಣ್ಣೆಕಾಗದದ ಮೇಲೆ ದೋಸೆಯಷ್ಟು ತೆಳ್ಳಗೆ ಹರಡಿ ಒಣಗಿಸಿದೆ. ಚೆನ್ನಾಗಿ ಬಂತು. ತುಪ್ಪ ಬೇರೆ ಪುಟ್ಟ ಡಬ್ಬಿಯಲ್ಲಿ. ಮೊಸರನ್ನ ಒಣಗಿಸಿದ್ದು ಹುಳಿ ಪುಡಿಯಾಯಿತು, ಆಸೆ ಬಿಟ್ಟೆ. ಟೆಂಟಿನ ಹತ್ತಿರ ಒಗ್ಗರಣೆ ಹಾಕುವುದಿಲ್ಲ. ಇಂಗು, ಸಾಸಿವೆಯ ಘಮ ಎಷ್ಟು ದೂರ ಹೋಗುತ್ತದೆ ಅಂತ ಅಕ್ಕಪಕ್ಕದ ಮನೆಯವರಿಗೇ ಗೊತ್ತು, ಕರಡಿಗೆ ಗೊತ್ತಾಗುವುದಿಲ್ವಾ? ಎಲ್ಲಕ್ಕಿಂತ ಗೆದ್ದಿದ್ದು ಗೊಜ್ಜವಲಕ್ಕಿ. ಅದರ ಪುಡಿಗೆ ನಾನು ಸೇರಿಸುವ ಒಂದು ವಸ್ತು ಮನೆಯ ಗುಟ್ಟು. ಮಾರ್ಚ್ 1ರಿಂದ ಮೇ 25ರವರೆಗೆ ಕಾಡಿನಲ್ಲಿ ಬೆಂಕಿ ಹಾಕುವಂತಿಲ್ಲ, ಕಾಳ್ಗಿಚ್ಚಿನ ಕಾಲ. ಆಗ ಅವಲಕ್ಕಿಯೇ ಗತಿ, ಚಹಾಕ್ಕೆ ಪುಟ್ಟ ಸ್ಟವ್ ಇದೆ.

ಚೆರ್ರಿ ಸ್ಪ್ರಿಂಗ್ಸ್ ನಕ್ಷತ್ರ ನೋಡಲು ಹೆಸರುವಾಸಿ. ಅಮಾವಾಸ್ಯೆ ನೋಡಿಕೊಂಡು ಹೋಗಿ. ಕೆಂಪು ಬೆಳಕು ಬಿಟ್ಟರೆ ಬೇರೆ ಬೆಳಕು ಹಚ್ಚುವಂತಿಲ್ಲ. ಟಾರ್ಚಿಗೆ ಕೆಂಪು ಬಲೂನು ಕಟ್ಟಿದರೆ ಆಯಿತು. ಕಾರಿನ ಬಾಗಿಲು ತೆರೆದಾಗ ಹತ್ತುವ ಒಳಗಿನ ದೀಪಕ್ಕೆ ಟೇಪ್ ಹಚ್ಚಿ. ಮಗಳ ಬೂಟಿನ ಹಿಮ್ಮಡಿಯಲ್ಲಿ ಹೆಜ್ಜೆಗೊಂದು ನೀಲಿ ಮಿಂಚು ಹೊಡೆಯುತ್ತದೆ ಅನ್ನುವುದು ಯಾರಿಗೂ ಹೊಳೆದಿರಲಿಲ್ಲ. ಕ್ಯಾಮೆರಾ ಇಟ್ಟುಕೊಂಡು ಕೂತಿದ್ದವರು ಹೋ ಅಂದರು. ಅವಳನ್ನು ಎತ್ತಿಕೊಂಡೇ ಹುಲ್ಲಿನ ಬಯಲು ದಾಟಿದೆ. ಆಮೇಲೆ ಚಾಪೆ ಹಾಸಿ ಮಲಗಿದೆವು, ಆಕಾಶಗಂಗೆ ಅಂಚಿನಿಂದ ಅಂಚಿಗೆ. ಅಲ್ಲಿಂದ ಹೊರಟು ಕಾಡಿನ ರಸ್ತೆಯಲ್ಲಿ ಕಾರು ನಿಲ್ಲಿಸಿ ಅರ್ಧ ಮೈಲಿ ನಡೆದರೆ ನಮ್ಮ ಟೆಂಟು. ಹಗಲೇ ಹೊಡೆದು ಹೋಗಿದ್ದೆವು. ರಾತ್ರಿ ಬಂದು ಜಾಗ ಹುಡುಕುವ ಸಾಹಸ ಬೇಡ.

ಇದು ಎಲ್ಲ ಪಾರ್ಕಿಗೂ ಒಗ್ಗುವುದಿಲ್ಲ. ರಿಕೆಟ್ಸ್ ಗ್ಲೆನ್ ಜಲಪಾತಗಳಿಗೆ ನಾವು ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರುತ್ತೇವೆ. ಏಳು ಮೈಲಿಯ ಸುತ್ತು, 94 ಅಡಿಯ ಗನೋಗಾ ಜಲಪಾತ, ಅಷ್ಟು ಸಾಕು. ನವೆಂಬರ್ ಕೊನೆಯಲ್ಲಿ ಕಾಡಿಗೂ ರಜೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ಶನಿವಾರ ರೈಫಲ್ ಹಿಡಿದು ಜಿಂಕೆ ಬೇಟೆಯವರು ಬರುತ್ತಾರೆ. ಅದಕ್ಕೆ ಮೊದಲು, ಅಕ್ಟೋಬರಿನಲ್ಲಿ ಹೋಗುವವರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಳ್ಳಿ. ಹತ್ತು ಡಾಲರಿಗೆ ಸಿಗುತ್ತದೆ, ಮಕ್ಕಳಿಗೂ ಒಂದೊಂದು ತಗೊಳ್ಳಿ.