ಬಂಡೆಯ ಮೇಲಿನ ಚಿತ್ರ ಬರೆದವರು ಯಾರು, ಏಕೆ ಬರೆದರು: ಹಂಪಿ ಪ್ರವಾಸಕ್ಕೆ ಹೊರಡುವ ಹಾಸನದ ಶಿಕ್ಷಕರಿಗೆ

ಹಾಸನ ಜಿಲ್ಲೆಯ ಮಕ್ಕಳಿಗೆ ಕಲ್ಲಿನ ಕಲೆಯೆಂದರೆ ಬೇಲೂರು, ಹಳೇಬೀಡು. ಅಲ್ಲಿ ಯಾರು ಮಾಡಿದರು, ಏಕೆ ಮಾಡಿದರು ಎಂಬುದಕ್ಕೆ ಕಲ್ಲೇ ಉತ್ತರ ಕೊಡುತ್ತದೆ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದನ್ನು ಶಾಸನ ಹೇಳುತ್ತದೆ; ಬಳ್ಳಿಗಾವೆಯ ದಾಸೋಜ ಬೇಲೂರಿನಲ್ಲಿ, ಮಲ್ಲಿತಮ್ಮ ನುಗ್ಗೇಹಳ್ಳಿಯಲ್ಲಿ ತಮ್ಮ ಕೆಲಸದ ಕೆಳಗೆ ಹೆಸರನ್ನೂ ಕೆತ್ತಿದ್ದಾರೆ. ಇದೇ ಮಕ್ಕಳು ಶಾಲಾ ಪ್ರವಾಸದಲ್ಲಿ ಹಂಪಿಗೆ ಹೋಗಿ, ಹೊಳೆ ದಾಟಿ ಆನೆಗುಂದಿಯ ಒನಕೆ ಕಿಂಡಿಯ ಚಿತ್ರಗಳ ಮುಂದೆಯೋ ಹಿರೇಬೆಣಕಲ್ಲಿನ ಬಂಡೆಯಾಸರೆಗಳ ಕೆಳಗೋ ನಿಂತಾಗ ಹೆಸರೂ ಸಿಗದು, ಶಾಸನವೂ ಸಿಗದು. ಆಗ ಒಬ್ಬರು ಪಾಂಡವರ ಹೆಸರು ಹೇಳುತ್ತಾರೆ, ಇನ್ನೊಬ್ಬರು ಬೇಟೆ ಸಿಗಲೆಂದು ಬರೆದದ್ದು ಎನ್ನುತ್ತಾರೆ. ಎರಡನೆಯ ಉತ್ತರವು ವೈಜ್ಞಾನಿಕವೆಂಬಂತೆ ಕೇಳಿಸಿದರೂ ಮೊದಲನೆಯದರಷ್ಟೇ ಅವಸರದ್ದು. ‘ಏಕೆ’ ಎಂಬ ಪ್ರಶ್ನೆಯನ್ನು ಕಟ್ಟಕಡೆಗೆ ಇಟ್ಟುಕೊಳ್ಳುವುದೇ ಇಲ್ಲಿ ಮುಂದೆ ಹೇಳುವ ಕ್ರಮದ ತಿರುಳು.

ಹೊರಡುವ ಮುನ್ನ ಶಾಲೆಯಲ್ಲೇ ಒಂದು ಪ್ರಯೋಗ ಮಾಡಿಸಿರಿ. ಮನೆಯ ಗೋಡೆಗೆ ಕಾರಣೆ ಹಾಕಲು ಬಳಸುವ ಕೆಮ್ಮಣ್ಣನ್ನು ನುಣ್ಣಗೆ ಪುಡಿಮಾಡಿ ನೀರಿನಲ್ಲಿ ಕಲಸಿ, ಒಂದು ಚಪ್ಪಡಿ ಕಲ್ಲಿನ ಮೇಲೆ ಮಗು ಅಂಗೈ ಒತ್ತಿ ಹಿಡಿದಿರುವಾಗ, ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಬಣ್ಣದಲ್ಲಿ ಅದ್ದಿ ಸುತ್ತಲೂ ಸಿಡಿಸಬೇಕು. ಆದಿಮಾನವರು ಗುಹೆಗಳಲ್ಲಿ ಈ ಕೆಲಸವನ್ನು ಬಾಯಿಂದ ಊದಿ ಮಾಡುತ್ತಿದ್ದರು. ಮಕ್ಕಳಿಂದ ಹಾಗೆ ಮಾಡಿಸಬೇಡಿ. ಕೈ ತೆಗೆದಾಗ ಬೆರಳುಗಳ ಜಾಗ ಖಾಲಿ ಉಳಿದು ಸುತ್ತ ಕೆಂಪು ಹನಿಗಳ ಅಂಚು ಮೂಡಿರುತ್ತದೆ. ಹೆಚ್ಚಿನ ಮಕ್ಕಳು ಬ್ರಷ್ಷನ್ನು ಬಲಗೈಯಲ್ಲಿ ಹಿಡಿದಿದ್ದರಿಂದ ಕಲ್ಲಿನ ಮೇಲೆ ಉಳಿದದ್ದು ಎಡಗೈ ಎಂಬುದನ್ನು ಅವರೇ ಗಮನಿಸಲಿ. ಫ್ರಾನ್ಸಿನ ಗಾರ್ಗಾಸ್ ಗುಹೆಯ ಕೈಗುರುತುಗಳಲ್ಲೂ ಎಡಗೈಗಳೇ ಹೆಚ್ಚು. ಆಮೇಲೆ ಬೆರಳುಗಳ ಉದ್ದವನ್ನು ಸ್ಕೇಲಿನಿಂದ ಅಳೆಯಿಸಿರಿ. ಅಮೆರಿಕದ ಡೀನ್ ಸ್ನೋ ಎಂಬ ವಿದ್ವಾಂಸರು ಫ್ರಾನ್ಸ್ ಮತ್ತು ಸ್ಪೇನಿನ ಗುಹೆಗಳ 32 ಕೈಗುರುತುಗಳನ್ನು ಹೀಗೆಯೇ ಅಳೆದು, ಮುಕ್ಕಾಲು ಪಾಲು ಹೆಂಗಸರವು ಎಂದು 2013ರಲ್ಲಿ ಪ್ರಕಟಿಸಿದರು. ಈ ವಿಧಾನವನ್ನು ಒಪ್ಪದವರೂ ಇದ್ದಾರೆ. ಆದರೂ ಚಿತ್ರಕಾರರೆಂದರೆ ಬೇಟೆಗಾರ ಗಂಡಸರೇ ಎಂಬ ಹಳೆಯ ಕಲ್ಪನೆಯನ್ನು ಅದು ಅಲುಗಾಡಿಸಿತು. ಫ್ರಾನ್ಸಿನದೇ ರೂಫಿನ್ಯಾಕ್ ಗುಹೆಯ ಮೆತ್ತನೆಯ ಚಾವಣಿಯ ಮೇಲೆ ಪುಟ್ಟ ಬೆರಳುಗಳಿಂದ ಎಳೆದ ಗೆರೆಗಳಿವೆ. ಅಷ್ಟು ಎತ್ತರ ಮಗುವಿಗೆ ಎಟುಕುವುದಿಲ್ಲವಾದ್ದರಿಂದ ದೊಡ್ಡವರಾರೋ ಅದನ್ನು ಎತ್ತಿಕೊಂಡಿದ್ದಿರಬೇಕು.

ಸ್ಥಳ ತಲುಪಿದ ಮೇಲೆ, ಫೋಟೊ ಸ್ಪಷ್ಟವಾಗಲೆಂದು ಚಿತ್ರದ ಮೇಲೆ ನೀರು ಚಿಮುಕಿಸುವುದನ್ನಾಗಲಿ ಸೀಮೆಸುಣ್ಣದಿಂದ ಗೆರೆ ತಿದ್ದುವುದನ್ನಾಗಲಿ ಯಾರಿಗೂ ಮಾಡಗೊಡಬೇಡಿ. 1940ರಲ್ಲಿ ಪತ್ತೆಯಾದ, ಚಿತ್ರಗಳಿಗೆ ಹೆಸರಾದ ಫ್ರಾನ್ಸಿನ ಲಾಸ್ಕೊ ಗುಹೆಯನ್ನು ನೋಡಲು ಬಂದವರ ಉಸಿರಿನಿಂದಲೇ ಗೋಡೆಗಳು ಕೆಡತೊಡಗಿ, 1963ರಲ್ಲಿ ಅದನ್ನು ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಮಾಸಿದ ಬಣ್ಣವನ್ನು ಎದ್ದುಕಾಣಿಸಲು ಡಿಸ್ಟ್ರೆಚ್ ಎಂಬ ತಂತ್ರಾಂಶವಿದೆ. ಸಾಧಾರಣ ಫೋಟೊ ತೆಗೆದುಕೊಂಡು ಹಾಸನಕ್ಕೆ ಮರಳಿದ ಮೇಲೆ ಅದರಲ್ಲಿ ನೋಡಬಹುದು. ಕೊರೆದ ಚಿತ್ರವಾದರೆ ಬೆಳಗ್ಗೆ ಅಥವಾ ಇಳಿಹೊತ್ತಿನ ಓರೆಬಿಸಿಲಿನಲ್ಲಿ ನೋಡಿದರೆ ಗೆರೆ ಚೆನ್ನಾಗಿ ಕಾಣುತ್ತದೆ.

ಮೊದಲು ಹುಡುಕಬೇಕಾದದ್ದು ಪದರಗಳನ್ನು. ಯಾವ ಗೆರೆ ಯಾವುದರ ಮೇಲೆ ಹಾದುಹೋಗಿದೆ ಎಂದು ನೋಡಿದರೆ ಯಾವುದು ಹಿಂದಿನದು, ಯಾವುದು ಈಚಿನದು ಎಂಬುದು ತಿಳಿಯುತ್ತದೆ. 1957ರಲ್ಲಿ ಪುರಾತತ್ತ್ವಜ್ಞ ವಿ. ಎಸ್. ವಾಕಣಕರ್ ಅವರು ಬೆಳಕಿಗೆ ತಂದ ಮಧ್ಯಪ್ರದೇಶದ ಭೀಮಬೇಟ್ಕಾದಲ್ಲಿ ಮಧ್ಯಶಿಲಾಯುಗದ ಬೇಟೆಗಾರರ ಚಿತ್ರಗಳಿರುವಂತೆಯೇ ಕತ್ತಿ ಹಿಡಿದ ಕುದುರೆ ಸವಾರರ ಚಿತ್ರಗಳೂ ಇವೆ, ಮತ್ತು ಅವುಗಳ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಒಂದೇ ಬಂಡೆ ಎಂದ ಮಾತ್ರಕ್ಕೆ ಒಂದೇ ಜನ, ಒಂದೇ ಉದ್ದೇಶ ಎಂದುಕೊಳ್ಳುವುದೇ ಇಲ್ಲಿನ ದೊಡ್ಡ ಎಡವಟ್ಟು.

ಕಾಲವನ್ನು ಲೆಕ್ಕ ಹಾಕುವುದು ಪ್ರಯೋಗಾಲಯದ ಕೆಲಸ. ಇದ್ದಿಲಿನಿಂದ ಬರೆದಿದ್ದರೆ ಅದರ ಇಂಗಾಲದಿಂದ ಕಾಲ ತಿಳಿಯಬಹುದು. ಕೆಮ್ಮಣ್ಣು ಖನಿಜವಾದ್ದರಿಂದ ಅದಕ್ಕೆ ಆ ದಾರಿಯಿಲ್ಲ. ಸುಣ್ಣಕಲ್ಲಿನ ಗುಹೆಗಳಲ್ಲಿ ಚಿತ್ರದ ಮೇಲೆ ಕಟ್ಟಿಕೊಂಡ ಸುಣ್ಣದ ಪೊರೆಯಲ್ಲಿರುವ ಯುರೇನಿಯಂ ಮತ್ತು ಥೋರಿಯಂ ಪ್ರಮಾಣವನ್ನು ಅಳೆದು, ಚಿತ್ರವು ಕನಿಷ್ಠ ಇಷ್ಟು ಹಳೆಯದು ಎಂದು ಹೇಳುತ್ತಾರೆ. ಇಂಡೊನೇಷ್ಯಾದ ಸುಲವೇಸಿ ದ್ವೀಪದ ಹಂದಿ ಮತ್ತು ಮನುಷ್ಯಾಕೃತಿಗಳಿರುವ ಚಿತ್ರವೊಂದಕ್ಕೆ ಇಂಥ ಕಾಲನಿರ್ಣಯದಿಂದ ಕನಿಷ್ಠ 51,200 ವರ್ಷ ಎಂದು 2024ರಲ್ಲಿ ಪ್ರಕಟವಾಯಿತು. ಸ್ಪೇನಿನ ಮೂರು ಗುಹೆಗಳ ಕೆಲವು ಗುರುತುಗಳು 64,000 ವರ್ಷಕ್ಕೂ ಹಿಂದಿನವು, ಆದ್ದರಿಂದ ನಮಗಿಂತ ಬೇರೆಯಾದ, ಈಗ ಅಳಿದುಹೋದ ಮಾನವ ಜಾತಿಯಾದ ನಿಯಾಂಡರ್ತಾಲರವು ಎಂಬ 2018ರ ವಾದದ ಮೇಲೆ ಚರ್ಚೆ ಇನ್ನೂ ನಿಂತಿಲ್ಲ.

ನಮ್ಮ ನಾಡಿನ ಚಿತ್ರಗಳು ಇಷ್ಟು ಹಳೆಯವಲ್ಲ, ಆದರೆ ‘ಯಾರು’ ಎಂಬುದಕ್ಕೆ ಇಲ್ಲಿ ಉತ್ತರ ಹೆಚ್ಚು ಗಟ್ಟಿಯಾಗಿದೆ. ಬಳ್ಳಾರಿ ಸಮೀಪದ ಕಪ್ಪಗಲ್ಲು ಬೆಟ್ಟದ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನು ಬಹಳವಾಗಿ ಕುಟ್ಟಿ ಮೂಡಿಸಿದ್ದಾರೆ. ಅದೇ ಸೀಮೆಯ ನವಶಿಲಾಯುಗದ ನೆಲೆಗಳಲ್ಲಿ ಸಗಣಿ ಸುಟ್ಟು ಬೆಳೆದ ಬೂದಿದಿಬ್ಬಗಳಿವೆ. ಎರಡನ್ನೂ ಜೊತೆಗಿಟ್ಟು ನೋಡಿದರೆ, ದನ ಸಾಕಿ ಬದುಕಿದ ಜನರೇ ಇವನ್ನು ಮಾಡಿದರು ಎಂದು ಧೈರ್ಯವಾಗಿ ಹೇಳಬಹುದು. ಹೀಗೆ ಚಿತ್ರದ ಸುತ್ತಲಿನ ನೆಲವನ್ನು ಓದುವುದನ್ನು ಮಕ್ಕಳಿಗೆ ಕಲಿಸಬೇಕು. ಹಿರೇಬೆಣಕಲ್ಲಿನಲ್ಲಿ ಚಿತ್ರಗಳನ್ನು ನೋಡಿ, ಅಲ್ಲೇ ಇರುವ ಬೃಹತ್ ಶಿಲಾಯುಗದ ಕಲ್ಲುಗೋರಿಗಳನ್ನು ನೋಡದೆ ಬಂದರೆ ಅರ್ಧ ಪುಟ ಹರಿದ ಪುಸ್ತಕ ಓದಿದಂತೆ.

ಇಷ್ಟಾದ ಮೇಲೆ ‘ಏಕೆ’. ಬೇಟೆ ಫಲಿಸಲೆಂದು ಮಾಡಿದ ಮಾಟವಿದು ಎಂಬ ವಾದಕ್ಕೆ ಗುಹಾಚಿತ್ರಗಳ ವಿದ್ವಾಂಸರಾದ ಫ್ರಾನ್ಸಿನ ಆಂರಿ ಬ್ರೈ ಅವರ ಹೆಸರಿನ ಬಲವಿತ್ತು. ಆದರೆ ಲಾಸ್ಕೊದಲ್ಲಿ ಸಿಕ್ಕ ಎಲುಬುಗಳಲ್ಲಿ ಬಹುಪಾಲು ಹಿಮಸಾರಂಗದವು. ಗೋಡೆಯ ನೂರಾರು ಪ್ರಾಣಿಗಳ ನಡುವೆ ಹಿಮಸಾರಂಗದ ಚಿತ್ರ ಒಂದೇ ಒಂದು. ತಿಂದದ್ದು ಒಂದು, ಬರೆದದ್ದು ಇನ್ನೊಂದು. ದಕ್ಷಿಣ ಆಫ್ರಿಕದ ಡೇವಿಡ್ ಲೂಯಿಸ್-ವಿಲಿಯಮ್ಸ್ ಅವರು ಅಲ್ಲಿನ ಬೇಟೆಗಾರ ಸಮುದಾಯವಾದ ಸಾನ್ ಜನರ ಆಚರಣೆಗಳನ್ನು ಆಧಾರವಾಗಿಟ್ಟು, ಮೈಮೇಲೆ ಬಂದು ಮೈಮರೆತ ಸ್ಥಿತಿಯಲ್ಲಿ ಕಂಡದ್ದನ್ನು ಬರೆದರು ಎಂದು ವಾದಿಸಿದರು. ಸಾನ್ ಚಿತ್ರಗಳ ಮಟ್ಟಿಗೆ ಇದಕ್ಕೆ ಸಾನ್ ಜನರದೇ ಮಾತಿನ ಆಸರೆಯಿದೆ. ಯುರೋಪಿನ ಗುಹೆಗಳಿಗೆ ಹಾಗೆಯೇ ಅನ್ವಯಿಸುವುದು ನನಗೆ ಸಲೀಸಾಗಿ ಒಪ್ಪಿಗೆಯಾಗುವುದಿಲ್ಲ. ಕಪ್ಪಗಲ್ಲಿನ ಕೆಲವು ಬಂಡೆಗಳಲ್ಲಿ ಕುಳಿಗಳಿದ್ದು, ಅಲ್ಲಿ ಕಲ್ಲಿನಿಂದ ಬಡಿದರೆ ಗಂಟೆಯಂಥ ನಾದ ಬರುತ್ತದೆ. ಅಲ್ಲಿ ಚಿತ್ರ ಕುಟ್ಟುವುದೂ ಸದ್ದು ಮಾಡುವುದೂ ಒಂದೇ ಆಚರಣೆಯ ಭಾಗವಾಗಿತ್ತೇ ಎಂದು ಮಕ್ಕಳು ಕೇಳಿದರೆ ಆ ಪ್ರಶ್ನೆಯನ್ನು ಹಾಗೆಯೇ ಬರೆದುಕೊಳ್ಳಲಿ. ಪ್ರವಾಸದ ವರದಿಯಲ್ಲಿ ‘ಏಕೆ’ ಎಂಬುದಕ್ಕೆ ‘ಬಹುಶಃ’ ಎಂದು ಆರಂಭವಾಗುವ ವಾಕ್ಯವನ್ನೇ ಬರೆಸಿರಿ, ಮತ್ತು ಯಾವ ಪದರದ ಯಾವ ಚಿತ್ರವನ್ನು ಕಂಡು ಹಾಗೆನ್ನಿಸಿತು ಎಂಬುದನ್ನು ಅದೇ ವಾಕ್ಯದಲ್ಲಿ ಸೇರಿಸದಿದ್ದರೆ ತಿದ್ದಲು ಹಿಂದಕ್ಕೆ ಕೊಡಿರಿ.