ವಾರಂಟಿ ಇಲ್ಲ ಎಂದಿದ್ದ ಫೋನು ಪುಕ್ಕಟೆ ರಿಪೇರಿಯಾಯಿತು

ಅಮ್ಮನ ಫೋನು ಒಂಬತ್ತನೇ ತಿಂಗಳಿಗೇ ಚಾರ್ಜ್ ಆಗುವುದನ್ನು ನಿಲ್ಲಿಸಿತು. ಕೇಬಲ್ ಬದಲಿಸಿದೆ. ಫೋನ್ ಆಫ್ ಮಾಡಿ, ಪೋರ್ಟಿನ ಧೂಳನ್ನು ಮರದ ಕಡ್ಡಿಯಿಂದ ಮೆಲ್ಲಗೆ ತೆಗೆದೆ (ಪಿನ್ನು, ಸೂಜಿ ಹಾಕಲೇಬೇಡಿ). ಏನೂ ಆಗಲಿಲ್ಲ.

ಸರ್ವಿಸ್ ಸೆಂಟರ್‌ನವರು ಐದೇ ನಿಮಿಷದಲ್ಲಿ, "ಒಳಗೆ ನೀರು ಹೋಗಿದೆ ಸಾರ್, ವಾರಂಟಿ ಬರಲ್ಲ, 4,200 ರೂಪಾಯಿ ಆಗುತ್ತೆ" ಅಂದರು. ಅಮ್ಮ ಫೋನನ್ನು ಅಡುಗೆಮನೆಗೂ ಒಯ್ಯುವವರಲ್ಲ. ನನಗೆ ನಿಜಕ್ಕೂ ಸಿಟ್ಟು ಬಂತು.

ಬಹಳಷ್ಟು ಫೋನುಗಳ ಒಳಗೆ, ಕೆಲವದರಲ್ಲಿ ಸಿಮ್ ಟ್ರೇ ಗೂಡಿನಲ್ಲೇ, ಒಂದು ಪುಟ್ಟ ಬಿಳಿ ಸ್ಟಿಕ್ಕರ್ ಇರುತ್ತದೆ. ನೀರು ತಾಗಿದರೆ ಅದು ಕೆಂಪಾಗುತ್ತದೆ. ಅಲ್ಲೇ ಟ್ರೇ ತೆಗೆದು ಟಾರ್ಚ್ ಬಿಟ್ಟು ನೋಡಿದೆ: ಅಚ್ಚ ಬಿಳಿ. ಫೋಟೋ ತೆಗೆದುಕೊಂಡೆ. "ನೀರು ಎಲ್ಲಿ ಹೋಗಿದೆ ತೋರಿಸಿ, ಇಲ್ಲವೆಂದರೆ ವಾರಂಟಿ ನಿರಾಕರಿಸಿದ ಕಾರಣವನ್ನು ಜಾಬ್ ಶೀಟಿನಲ್ಲಿ ಬರೆದುಕೊಡಿ" ಎಂದೆ. ಬರೆಯಲು ಹಿಂದೆಮುಂದೆ ನೋಡಿದರು, ಕೊನೆಗೆ ಬರೆದರು. ಇಡೀ ಕೆಲಸ ನಿಂತದ್ದು ಆ ಹಾಳೆಯ ಮೇಲೆ.

ಮನೆಗೆ ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು. ಬಿಲ್, ಜಾಬ್ ಶೀಟ್, ಸ್ಟಿಕ್ಕರಿನ ಫೋಟೋ, ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆಯೇ ಇರುವ ಗುರುತಿನ ಸಂಖ್ಯೆ) ಕೊಟ್ಟೆ. ಐಎಂಇಐ ಬೇಕಾದರೆ *#06# ಒತ್ತಿ, ಪರದೆಯ ಮೇಲೆ ಬರುತ್ತದೆ. ಫೋನ್ ಸತ್ತಿದ್ದರೆ ಡಬ್ಬಿಯ ಮೇಲಿರುತ್ತದೆ.

ಆರನೇ ದಿನ ಕಂಪನಿಯಿಂದಲೇ ಕರೆ ಬಂತು. ಚಾರ್ಜಿಂಗ್ ಬೋರ್ಡ್ ಬದಲಿಸಿದರು, ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ. ಕೊಡುವ ಮೊದಲು ಅಮ್ಮನ ಫೋಟೋಗಳ ಬ್ಯಾಕಪ್ ಇತ್ತೆಂಬುದು ನನಗೆ ದೊಡ್ಡ ನೆಮ್ಮದಿ.